ಘಟ್ಟ ಇಳಿದು ಹತ್ತುವ ಪಿಕಪ್‌ಗೆ ಮೈಲೇಜ್ ಲೆಕ್ಕ ಹೇಗೆ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕು, ಕುಮಟಾ ರಸ್ತೆಯ ಕಡೆ. ನಾಲ್ಕು ಎಕರೆ ಅಡಿಕೆ ತೋಟ, ನಡುವೆ ಬಾಳೆ. ಅಕ್ಕಪಕ್ಕದ ಐದಾರು ಮನೆಯವರ ಬಾಳೆಗೊನೆ, ತರಕಾರಿ ಒಟ್ಟು ಮಾಡಿ ವಾರಕ್ಕೆ ನಾಲ್ಕು ಸಲ ಕುಮಟೆಗೆ ಒಯ್ಯುತ್ತೇನೆ. ಸಾಧಾರಣ 8ರಿಂದ 10 ಕ್ವಿಂಟಲ್ ಇರುತ್ತದೆ. ವಾಪಸ್ ಬರುವಾಗ ಕೆಲವೊಮ್ಮೆ ತೆಂಗಿನಕಾಯಿ, ಬೇಸಿಗೆಯಲ್ಲಿ ಈರುಳ್ಳಿ, ಎಷ್ಟೋ ಸಲ ಖಾಲಿ. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ, ಗೊಬ್ಬರ ತರುವಾಗ ಲೋಡ್ ಜಾಸ್ತಿ. ಈಗಿರುವ 2012ರ ಟಾಟಾ ಏಸ್ ಘಟ್ಟ ಹತ್ತುವಾಗ ಏದುಸಿರು ಬಿಡುತ್ತದೆ. ಮಹೀಂದ್ರದ ಬೊಲೆರೊ ಪಿಕಪ್, ಟಾಟಾದ ಇಂಟ್ರಾ, ಅಶೋಕ್ ಲೇಲ್ಯಾಂಡಿನ ಬಡಾ ದೋಸ್ತ್ ಮೂರನ್ನೂ ನೋಡಿ ಬಂದಿದ್ದೇನೆ. ಮೈಲೇಜ್ ಯಾವುದರದ್ದು ಜಾಸ್ತಿ? ಕರಾವಳಿ ಕಡೆ ಒಂದು ಸೆಕೆಂಡ್ ಹ್ಯಾಂಡ್ ಬೊಲೆರೊ ಕಡಿಮೆಗೆ ಸಿಗುತ್ತದಂತೆ, ತಗೊಳ್ಳಬಹುದಾ? ಸಿಎನ್‌ಜಿ ಲಾಭವಾ? ಹಳೆ ಏಸನ್ನು ಎಕ್ಸ್‌ಚೇಂಜ್‌ಗೆ ಕೊಡಲಾ, ಹೊರಗೆ ಮಾರಲಾ?

ಉತ್ತರ: ಮೊದಲು ನಿಮ್ಮ ಏಸಿನ ಪರವಾಗಿ ಒಂದು ಮಾತು. ಆ ಕಾಲದ ಏಸಿನ ಎಂಜಿನ್ 702 ಸಿಸಿ, ಎರಡೇ ಸಿಲಿಂಡರ್, 16 ಎಚ್‌ಪಿ. ಹೊರಬೇಕಾದದ್ದು ಸುಮಾರು ಏಳೂವರೆ ಕ್ವಿಂಟಲ್. ನೀವು ಹತ್ತು ಹೇರಿ ದೇವಿಮನೆ ಘಟ್ಟ ಇಳಿಸಿದ್ದೀರಿ, ಕಾಯಿ ತುಂಬಿ ಹತ್ತಿಸಿದ್ದೀರಿ. ಇಷ್ಟು ವರ್ಷ ಅದು ಏದುಸಿರು ಬಿಟ್ಟುಕೊಂಡಾದರೂ ಹತ್ತಿತಲ್ಲ, ಅದೇ ದೊಡ್ಡದು.

ಇನ್ನು ಮೈಲೇಜ್. ಪಿಕಪ್ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಯೇ ಇದು, ಹೆಚ್ಚಿನವರು ಎಡವುವುದೂ ಇಲ್ಲೇ. ಕಾರಿಗಾದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಕೇಳಿದರೆ ಸಾಕು, ಅದು ಹೊರುವುದು ನಮ್ಮನ್ನೇ ತಾನೆ. ಸರಕಿನ ಗಾಡಿಗೆ ಆ ಲೆಕ್ಕ ಅರ್ಧ ಮಾತ್ರ. ಒಂದು ಕ್ವಿಂಟಲ್ ಮಾಲು ಕುಮಟೆ ಮುಟ್ಟಿಸಲು ಎಷ್ಟು ರೂಪಾಯಿ ಡೀಸೆಲ್ ಬಿತ್ತು ಅಂತ ಕೇಳಬೇಕು. ಹೀಗೆ ಕೇಳಿದ ಕೂಡಲೇ ಉತ್ತರ ಗಾಡಿಯ ಮೇಲೆ ಮಾತ್ರ ನಿಲ್ಲುವುದಿಲ್ಲ, ನಿಮ್ಮ ಲೋಡಿನ ಮೇಲೂ ನಿಲ್ಲುತ್ತದೆ.

ಒಂದು ಲೆಕ್ಕ ಹಾಕೋಣ. ಶಿರಸಿಯಿಂದ ಕುಮಟಾ ಸುಮಾರು 60 ಕಿ.ಮೀ., ಹೋಗಿ ಬರಲು 120. ಡೀಸೆಲ್ ಲೀಟರಿಗೆ 90 ರೂಪಾಯಿ ಅಂತ ಹಿಡಿಯೋಣ. ಒಂದು ಸಣ್ಣ ಪಿಕಪ್, 13 ಕ್ವಿಂಟಲ್ ಹೊರುವಂಥದ್ದು, ಈ ದಾರಿಯಲ್ಲಿ ಲೀಟರಿಗೆ 14 ಕಿ.ಮೀ. ಕೊಡುತ್ತದೆ ಅಂತಿಟ್ಟುಕೊಳ್ಳಿ. ಇನ್ನೊಂದು ದೊಡ್ಡದು, 17 ಕ್ವಿಂಟಲ್ ಹೊರುವಂಥದ್ದು, 11 ಕೊಡುತ್ತದೆ. ಇವು ಲೆಕ್ಕಕ್ಕೆ ಹಿಡಿದ ಅಂಕಿ, ಯಾವ ಕಂಪನಿಯದ್ದೂ ಅಲ್ಲ. ನಿಮ್ಮ ಅಂಕಿ ನೀವೇ ಹೇಗೆ ತೆಗೆಯಬೇಕು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಸಣ್ಣದಕ್ಕೆ ಒಂದು ಸುತ್ತಿಗೆ 771 ರೂಪಾಯಿ ಡೀಸೆಲ್, ದೊಡ್ಡದಕ್ಕೆ 982. ಎರಡನ್ನೂ ಭರ್ತಿ ತುಂಬಿದರೆ ಸಣ್ಣದರಲ್ಲಿ ಕ್ವಿಂಟಲ್‌ಗೆ 59 ರೂಪಾಯಿ, ದೊಡ್ಡದರಲ್ಲಿ 58. ಅಂದರೆ ಹೆಚ್ಚುಕಡಿಮೆ ಒಂದೇ! ಲೀಟರಿಗೆ ಮೂರು ಕಿ.ಮೀ. ಕಡಿಮೆ ಕೊಡುವ ಗಾಡಿ ಸೋತಿಲ್ಲ. ಆದರೆ ನಿಮ್ಮ ಸಾಧಾರಣ ದಿನದ 9 ಕ್ವಿಂಟಲ್ ಹೇರಿ ನೋಡಿ. ಸಣ್ಣದರಲ್ಲಿ ಕ್ವಿಂಟಲ್‌ಗೆ 86 ರೂಪಾಯಿ, ದೊಡ್ಡದರಲ್ಲಿ 109. ಸುತ್ತಿಗೆ 211 ರೂಪಾಯಿ ವ್ಯತ್ಯಾಸ. ವಾರಕ್ಕೆ ನಾಲ್ಕು ಸಲ ಅಂದರೆ ವರ್ಷಕ್ಕೆ ಸುಮಾರು 200 ಸುತ್ತು, 42 ಸಾವಿರ ರೂಪಾಯಿ. ಅರ್ಧ ಖಾಲಿ ಬಾಡಿಯನ್ನು ಘಟ್ಟದಲ್ಲಿ ತಿರುಗಿಸಿದ್ದಕ್ಕೆ ಇಷ್ಟು ದಂಡ.

"ಲೋಡ್ ಜಾಸ್ತಿ ಇರುವ ದಿನ ಏನು ಮಾಡೋಣ?" ಅಂತ ನೀವು ಕೇಳುತ್ತೀರಿ. 17 ಕ್ವಿಂಟಲ್ ಇದ್ದ ದಿನ ಸಣ್ಣ ಗಾಡಿ ಎರಡು ಸಲ ಹೋಗಬೇಕು. ಆಗ 1,542 ರೂಪಾಯಿ, ದೊಡ್ಡದರ 982ರ ಎದುರು 560 ಜಾಸ್ತಿ. ಹಾಗಾಗಿ ಅಂಥ ದಿನಗಳು ಎಷ್ಟು ಅನ್ನುವುದೇ ಮುಖ್ಯ. ಲೆಕ್ಕ ಬಿಡಿಸಿದರೆ ನಾಲ್ಕು ಸುತ್ತಿನಲ್ಲಿ ಒಂದಕ್ಕಿಂತ ಜಾಸ್ತಿ ಭಾರಿ ಲೋಡ್ ಇದ್ದರೆ ದೊಡ್ಡ ಗಾಡಿ ಸರಿ. ಅದಕ್ಕಿಂತ ಕಡಿಮೆ ಇದ್ದರೆ ಸಣ್ಣದೇ ಸರಿ. ನಿಮ್ಮ ಕೊನೆಕೊಯ್ಲು, ಗೊಬ್ಬರ ಎಲ್ಲ ಸೇರಿ ವರ್ಷಕ್ಕೆ 50 ಸುತ್ತು ಆಗುತ್ತದಾ? ನಾಲ್ಕು ಎಕರೆಗೆ ಆಗಲಿಕ್ಕಿಲ್ಲ. ಆ ಹತ್ತಿಪ್ಪತ್ತು ದಿನಕ್ಕೆ ಬೇರೆಯವರ ಗಾಡಿ ಬಾಡಿಗೆಗೆ ಹಿಡಿಯಿರಿ. ಮದುವೆ ಮನೆಯ ಅಡುಗೆಗೆ ಬೇಕು ಅಂತ ಯಾರೂ ದಿನಾ ಅನ್ನ ಮಾಡಲು ಹಂಡೆ ಕೊಳ್ಳುವುದಿಲ್ಲ, ಅಲ್ವಾ?

ಈಗ ಇದಕ್ಕಿಂತ ದೊಡ್ಡ ಉಳಿತಾಯದ ಕಡೆ ಬರೋಣ. ನೀವು ಪತ್ರದಲ್ಲಿ ಹಾಗೇ ಸುಮ್ನೆ ಬರೆದು ದಾಟಿಸಿದ ಮಾತು: "ಎಷ್ಟೋ ಸಲ ಖಾಲಿ". 9 ಕ್ವಿಂಟಲ್ ಕೆಳಗೆ ಒಯ್ದು, 4 ಕ್ವಿಂಟಲ್ ಕಾಯಿಯೋ ಈರುಳ್ಳಿಯೋ ಸಾಣಿಕಟ್ಟೆಯ ಉಪ್ಪೋ ಮೇಲೆ ತಂದರೆ ಒಟ್ಟು 13 ಕ್ವಿಂಟಲ್ ಸಾಗಿಸಿದ ಹಾಗಾಯಿತು. 86 ರೂಪಾಯಿ ಇದ್ದದ್ದು 60ರ ಹತ್ತಿರ ಇಳಿಯಿತು. ಗಾಡಿಯ ಬ್ರ್ಯಾಂಡ್ ಬದಲಿಸಿದರೆ ಇಷ್ಟು ಇಳಿಯುವುದಿಲ್ಲ.

"ಭಾರ ಹೇರಿಕೊಂಡು ಘಟ್ಟ ಹತ್ತಿದರೆ ಡೀಸೆಲ್ ಕುಡಿಯುವುದಿಲ್ಲವಾ?" ಕುಡಿಯುತ್ತದೆ, ಆದರೆ ನಾವು ಹೆದರಿಕೊಂಡಷ್ಟು ಅಲ್ಲ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಒಂದು ಟನ್ ಭಾರವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 5.9 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ 36 ಮೆಗಾಜೂಲ್ ಇರುತ್ತದೆ. ಎಂಜಿನ್ ಅದರಲ್ಲಿ ಚಕ್ರಕ್ಕೆ ಮುಟ್ಟಿಸುವುದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ, ಉಳಿದದ್ದೆಲ್ಲ ರೇಡಿಯೇಟರ್, ಸೈಲೆನ್ಸರ್ ಪಾಲು. ಹೀಗೆ ನೋಡಿದರೆ ಟನ್ನಿಗೆ ಸುಮಾರು ಅರ್ಧ ಲೀಟರ್. ನಿಮ್ಮ 4 ಕ್ವಿಂಟಲ್ ಕಾಯಿ ಏರಿಸಲು ಕಾಲು ಲೀಟರಿಗೂ ಕಡಿಮೆ. 60 ಕಿ.ಮೀ. ರಸ್ತೆಯಲ್ಲಿ ಟಯರ್ ಎಳೆಯುವ ಖರ್ಚು ಸೇರಿಸಿದರೂ ಅರ್ಧ ಲೀಟರ್ ದಾಟಲಿಕ್ಕಿಲ್ಲ, 45 ರೂಪಾಯಿ. ಆ ಕಾಯಿಗೆ ನಿಮಗೆ ಸಿಗುವ ಬಾಡಿಗೆ ಎಷ್ಟು? ನೀವೇ ನೋಡಿ.

ಹಾಗಾದರೆ ಘಟ್ಟದಲ್ಲಿ ಡೀಸೆಲ್ ಹೋಗುವುದು ಎಲ್ಲಿ? ಒಂದನೇ ಗೇರಿನಲ್ಲಿ ಅರಚಿಸುವುದರಲ್ಲಿ. ತಿರುವಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲುವುದರಲ್ಲಿ. ಎಳೆಯಲಾರದ ಎಂಜಿನ್ನಿಗೆ ಜಾಸ್ತಿ ಹೇರುವುದರಲ್ಲಿ. ಈ ಕಾರಣಕ್ಕೆ ಎಚ್‌ಪಿಗಿಂತ ಟಾರ್ಕ್ ನೋಡಿ ಅಂತ ನಾನು ಹೇಳುವುದು. ಟಾರ್ಕ್ ಅಂದರೆ ಎಳೆಯುವ ಬಲ, ಕಡಿಮೆ ಆರ್‌ಪಿಎಂನಲ್ಲೇ ಸಿಕ್ಕರೆ ಇನ್ನೂ ಒಳ್ಳೆಯದು. ಇಂಟ್ರಾ ವಿ30ರದ್ದು 140 ಎನ್‌ಎಂ. ಅದೇ ಮನೆಯ ವಿ50ರದ್ದು 220. ಎರಡರ ಎಂಜಿನ್ ಗಾತ್ರವೂ ಒಂದೇ, 1,496 ಸಿಸಿ. ಬಡಾ ದೋಸ್ತ್ 1,478 ಸಿಸಿ, 190 ಎನ್‌ಎಂ, ಅದೂ 1,600 ಆರ್‌ಪಿಎಂನಿಂದಲೇ ಶುರು. ಬೊಲೆರೊ ಪಿಕಪ್‌ದು 2,523 ಸಿಸಿಯ ನಾಲ್ಕು ಸಿಲಿಂಡರ್, ಟಾರ್ಕ್ ಸುಮಾರು 200. ಮಿರ್ಜಾನ್, ಅಂಕೋಲಾ ಕಡೆಯ ಸಪಾಟು ರಸ್ತೆಯಲ್ಲೇ ಓಡಾಡುವವರಿಗೆ ವಿ30 ಸಾಕು, ಡೀಸೆಲ್ ಉಳಿಸುತ್ತದೆ. ನಿಮಗೆ ಬೇಡ. ವಾಪಸ್ಸಿಗೆ ಲೋಡ್ ತರುವವರು ನೀವು, ದೇವಿಮನೆಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ನಿಂತು ಮತ್ತೆ ಹೊರಡಬೇಕಾದಾಗ 140ಕ್ಕೂ 200ಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಕ್ಲಚ್ ಪ್ಲೇಟಿಗೆ ಗೊತ್ತು.

ಶೋರೂಮಿನವರು ಹೇಳುವ ಮೈಲೇಜ್ ನಂಬಬೇಡಿ ಅಂತ ನಾನು ಹೇಳುವುದಿಲ್ಲ. ಅದು ಅವರ ದಾರಿಯ ಮೈಲೇಜ್, ನಿಮ್ಮದಲ್ಲ. ನೀವು ಹೀಗೆ ಮಾಡಿ. ಡೆಮೊ ಗಾಡಿ ಕೇಳಿ, ಲೋಡ್ ಹಾಕಿ ಓಡಿಸಲು ಬಿಡುತ್ತೀರಾ ಅಂತ ಕೇಳಿ. ಸರಕಿನ ಗಾಡಿಗೆ ಇದನ್ನು ಕೇಳುವುದು ಹೊಸದೇನಲ್ಲ, ಗಿರಾಕಿ ಗಟ್ಟಿ ಅಂತ ಕಂಡರೆ ಒಪ್ಪುತ್ತಾರೆ. ಒಂದು ಬಂಕ್ ಗೊತ್ತು ಮಾಡಿ. ನೆಲ ಸಮ ಇರುವ ಕಡೆ ಗಾಡಿ ನಿಲ್ಲಿಸಿ, ನಾಝಲ್ ತಾನಾಗೇ ಕಟ್ ಆಗುವವರೆಗೆ ತುಂಬಿಸಿ. ಆಮೇಲೆ "ರೌಂಡ್ ಫಿಗರ್ ಮಾಡಲಾ ಅಣ್ಣಾ" ಅಂತ ಹುಡುಗ ಕೇಳುತ್ತಾನೆ, ಬೇಡ ಅನ್ನಿ. ಲೆಕ್ಕ ತಪ್ಪುವುದೇ ಆ ರೌಂಡ್ ಫಿಗರಿನಲ್ಲಿ. ಕಿಲೋಮೀಟರ್ ಬರೆದುಕೊಳ್ಳಿ. ನಿಮ್ಮದೇ ಬಾಳೆಗೊನೆ ಹೇರಿ ಕುಮಟೆಗೆ ಹೋಗಿ ಬನ್ನಿ. ಅದೇ ಬಂಕು, ಅದೇ ಪಂಪು, ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಮತ್ತೆ ಕಟ್ ಆಗುವವರೆಗೆ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತೋ ಅದೇ ಸತ್ಯ. ಡ್ಯಾಶ್‌ಬೋರ್ಡಿನ ಮೇಲೆ ಮೂಡುವ ಸರಾಸರಿ ಅಂಕಿ ಯಾವಾಗಲೂ ಸ್ವಲ್ಪ ಉದಾರಿ. ಎರಡು ಕಂಪನಿಯ ಗಾಡಿಯನ್ನು ಹೀಗೆ ಒಂದೇ ವಾರದಲ್ಲಿ, ಒಂದೇ ಡ್ರೈವರ್ ಓಡಿಸಿ ನೋಡಿದರೆ ನನ್ನ ಪುಟಗಟ್ಟಲೆ ಉತ್ತರವೇ ಬೇಡ.

ಗಾಡಿ ನೋಡುವಾಗ ಆರ್‌ಸಿಯಲ್ಲಿ ಬರುವ ಎರಡು ಅಂಕಿ ಕೇಳಿ. ಲೋಡ್ ಸೇರಿದ ಒಟ್ಟು ತೂಕ ಒಂದು, ಖಾಲಿ ತೂಕ ಇನ್ನೊಂದು. ಅವುಗಳ ವ್ಯತ್ಯಾಸವೇ ನೀವು ಕಾನೂನು ಪ್ರಕಾರ ಹೇರಬಹುದಾದದ್ದು. ಆಮೇಲೆ ನೀವು ಕಟ್ಟಿಸುವ ಕಬ್ಬಿಣದ ಪಂಜರ, ಮೇಲಿನ ಚಪ್ಪರ, ಹೆಚ್ಚುವರಿ ಪಾಟಾ (ಸ್ಪ್ರಿಂಗ್ ಪಟ್ಟಿ) ಎಲ್ಲ ಇದರಲ್ಲೇ ಕಳೆಯುತ್ತದೆ. ಕ್ವಿಂಟಲ್ ತೂಗುವ ಪಂಜರ ಕಟ್ಟಿಸಿ ವರ್ಷಪೂರ್ತಿ ಅದನ್ನೇ ಹೊತ್ತು ತಿರುಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಬಾಳೆಗೊನೆಗೆ ತೂಕಕ್ಕಿಂತ ಜಾಗ ಮುಖ್ಯ. ಹಾಗಾಗಿ ಬಾಡಿಯ ಉದ್ದ ನೋಡಿ. ಬಡಾ ದೋಸ್ತ್, ವಿ50 ಎರಡರದ್ದೂ ಹತ್ತಡಿಗೆ ಸ್ವಲ್ಪ ಕಡಿಮೆ. ನೀವೇ ಟೇಪ್ ಹಿಡಿದು ಅಳೆಯಿರಿ, ಒಳ ಅಳತೆ.

ಒಟ್ಟು ತೂಕ 3,000 ಕೆ.ಜಿ. ಒಳಗಿದ್ದರೆ ಇನ್ನೊಂದು ಲಾಭವಿದೆ. ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಅಂಥ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಬಡಾ ದೋಸ್ತ್ ಐ3ರ ಒಟ್ಟು ತೂಕ 2,990 ಕೆ.ಜಿ. ಅಂತ ಇಟ್ಟಿರುವುದು ಸುಮ್ನೆ ಅಲ್ಲ! ವಿ50 ಕೂಡ 3,000ದ ಒಳಗೇ ಇದೆ. 17 ಕ್ವಿಂಟಲ್ ಹೊರುವ ಬೊಲೆರೊ ಆ ಗೆರೆ ದಾಟಿಯೇ ದಾಟುತ್ತದೆ, ಪರ್ಮಿಟ್ ಮಾಡಿಸಬೇಕು. ಲೈಸೆನ್ಸ್ ಬಗ್ಗೆ ಚಿಂತೆ ಬೇಡ. 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಸಾಮಾನ್ಯ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಥರ್ಡ್ ಪಾರ್ಟಿ ಇನ್ಶೂರೆನ್ಸಿಗೂ 7,500 ಕೆ.ಜಿ.ವರೆಗೆ ಒಂದೇ ಸ್ಲ್ಯಾಬ್. ಹಾಗಾಗಿ ಅದರಲ್ಲಿ ಮೂರು ಗಾಡಿಗೂ ವ್ಯತ್ಯಾಸವಿಲ್ಲ. ಓವರ್‌ಲೋಡ್ ಮಾತ್ರ ಬೇಡ. ಕಾಯ್ದೆಯಲ್ಲಿ 20 ಸಾವಿರ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2 ಸಾವಿರ. ಏಸಿನ ಹಾಗೆ ಇದನ್ನೂ ನಡೆಸಬೇಡಿ.

ಬೆಲೆಯ ವಿಷಯ. ಸಾಲ ತೆಗೆದು ಕೊಳ್ಳುತ್ತೀರಿ ಅಂತಿಟ್ಟುಕೊಂಡರೆ, ಶೇ. 11 ಬಡ್ಡಿ, ಐದು ವರ್ಷ ಅಂದರೆ ಪ್ರತಿ ಒಂದು ಲಕ್ಷಕ್ಕೆ ತಿಂಗಳ ಕಂತು 2,174 ರೂಪಾಯಿ. ಅಂದರೆ ಗಾಡಿ ಒಂದು ಲಕ್ಷ ಜಾಸ್ತಿ ಅಂದಾಗ ಅದನ್ನು ಡೀಸೆಲ್ಲಿಗೆ ತಿರುಗಿಸಿ ನೋಡಿ, ತಿಂಗಳಿಗೆ 24 ಲೀಟರ್. ತಿಂಗಳಿಗೆ ಅಷ್ಟು ಡೀಸೆಲ್ ಉಳಿಸಿಕೊಡದಿದ್ದರೆ, ಅಥವಾ ಮಾರುವಾಗ ಆ ದುಡ್ಡು ವಾಪಸ್ ಬರದಿದ್ದರೆ, ಆ ಲಕ್ಷ ದಂಡ. ಬೊಲೆರೊ ಗೆಲ್ಲುವುದು ಈ ಎರಡನೆಯದರಲ್ಲಿ. ಹಳೆ ಬೊಲೆರೊ ಪಿಕಪ್ ಮಾರಲು ಫೋಟೊ ಹಾಕಿದರೆ ಸಂಜೆಯೊಳಗೆ ನಾಲ್ಕು ಜನ ಫೋನ್ ಮಾಡುತ್ತಾರೆ. ಸಿದ್ದಾಪುರವಾಗಲಿ, ಯಲ್ಲಾಪುರವಾಗಲಿ, ಮೂಲೆಯ ಗ್ಯಾರೇಜಿನ ಹುಡುಗನಿಗೂ ಅದರ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತು. ಬಾನೆಟ್ ಎತ್ತಿದರೆ ಎಂಜಿನ್ ಕಾಣುತ್ತದೆ, ಇಂಟ್ರಾದ ಹಾಗೆ ಸೀಟು ಎತ್ತಬೇಕಿಲ್ಲ. ದಿನಾ 15 ಕ್ವಿಂಟಲ್ ಹೇರುವವರು ಕೇಳಿದ್ದರೆ ನಾನು ಎರಡನೇ ಮಾತಿಲ್ಲದೆ ಅದನ್ನೇ ಹೇಳುತ್ತಿದ್ದೆ.

ಇನ್ನೊಂದು ಸಂಗತಿ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ತೆರಿಗೆ ಸೇರಿ 10 ಲಕ್ಷ ಇದ್ದ ಗಾಡಿ ಆ ಲೆಕ್ಕದಲ್ಲಿ 9.22 ಲಕ್ಷ ಆಗಬೇಕು. ಸೆಕೆಂಡ್ ಹ್ಯಾಂಡ್ ಮಾರುವವರು ಇನ್ನೂ ತಾವು ಕೊಟ್ಟ ಹಳೆ ಬೆಲೆಯನ್ನೇ ತಲೆಯಲ್ಲಿಟ್ಟುಕೊಂಡು ರೇಟು ಹೇಳುತ್ತಾರೆ. ನೀವು ಇವತ್ತಿನ ಹೊಸ ಗಾಡಿಯ ಬೆಲೆ ಹಿಡಿದು ಮಾತಾಡಿ.

ಇನ್ನು ಆ ಕರಾವಳಿಯ ಸೆಕೆಂಡ್ ಹ್ಯಾಂಡ್ ಬೊಲೆರೊ. ಇದರಲ್ಲಿ ನಾನು ಸ್ವತಃ ಕೈ ಸುಟ್ಟುಕೊಂಡವನು. ಕೆಲವು ವರ್ಷದ ಹಿಂದೆ ಸಮುದ್ರದ ಕಡೆಯ ಒಬ್ಬರಿಂದ ಒಂದು ಪಿಕಪ್ ಕೊಂಡೆ. ಓಡಿಸಿ ನೋಡಿದರೆ ಎಂಜಿನ್ ಬೆಣ್ಣೆ. ಟಯರ್ ಹೊಸದು. ಕೆಳಗೆ ಬಗ್ಗಿ ನೋಡಿದೆ, ಚಾಸಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. "ಎಷ್ಟು ಚೆಂದ ಇಟ್ಟುಕೊಂಡಿದ್ದಾರೆ" ಅಂದುಕೊಂಡೆ! ಮನೆಗೆ ತಂದು ಎರಡನೇ ಮಳೆಗಾಲಕ್ಕೆ ಬಾಡಿಯ ನೆಲ ಒಂದು ಮೂಲೆಯಲ್ಲಿ ಮೆತ್ತಗಾಯಿತು. ಮೇಸ್ತ್ರಿ ಸ್ಕ್ರೂಡ್ರೈವರ್ ತುದಿಯಿಂದ ಅಡ್ಡಪಟ್ಟಿಯನ್ನು ಕುಟ್ಟಿದ. ಟಣ್ ಅನ್ನಬೇಕಾದದ್ದು ಟಪ್ ಅಂದಿತು. ಇನ್ನೊಂದು ಸಲ ಕುಟ್ಟಿದ, ಸ್ಕ್ರೂಡ್ರೈವರ್ ಒಳಗೇ ಹೋಯಿತು. ಕಪ್ಪು ಬಣ್ಣದ ಪದರ ಹಪ್ಪಳದ ಹಾಗೆ ಎದ್ದು ಬಂತು, ಅದರ ಹಿಂದೆ ಕಬ್ಬಿಣ ಇರಲಿಲ್ಲ, ಕೆಂಪು ಪುಡಿ ಇತ್ತು. ಆ ಗಾಡಿ ವರ್ಷಗಟ್ಟಲೆ ಮೀನಿನ ಬಾಕ್ಸ್ ಹೊತ್ತಿತ್ತು. ಐಸ್ ಕರಗಿದ ನೀರು, ಅದರಲ್ಲಿ ಉಪ್ಪು, ದಿನಾ ಬಾಡಿಯ ಸಂದಿಯಿಂದ ಚಾಸಿಗೆ ತೊಟ್ಟಿಕ್ಕುತ್ತದೆ. ಮೇಲಿಂದ ಕಡಲಗಾಳಿ. ನೆಲದ ಶೀಟು, ಅಡ್ಡಪಟ್ಟಿ, ಬ್ರೇಕ್ ಪೈಪ್ ಬದಲಿಸಿ ಮುಗಿಸುವಷ್ಟರಲ್ಲಿ ಕಡಿಮೆಗೆ ಕೊಂಡೆ ಅನ್ನುವ ಖುಷಿ ಪೂರ್ತಿ ಇಳಿದಿತ್ತು.

ಹಾಗಾಗಿ ಹೊಸದಾಗಿ ಕಪ್ಪು ಬಳಿದ ಚಾಸಿ ಕಂಡರೆ ಸಂತೋಷಪಡಬೇಡಿ, ಅನುಮಾನಪಡಿ. ಸ್ಕ್ರೂಡ್ರೈವರ್ ಜೇಬಿನಲ್ಲಿರಲಿ. ಪಾಟಾ ಕೂರುವ ಜಾಗ, ಹಿಂದಿನ ಅಡ್ಡಪಟ್ಟಿ, ಬಾಡಿಯನ್ನು ಚಾಸಿಗೆ ಬಿಗಿದ ಬೋಲ್ಟಿನ ಸುತ್ತ, ಬ್ರೇಕ್ ಪೈಪು ಹಾದುಹೋಗುವ ದಾರಿ, ಇಷ್ಟನ್ನು ಕುಟ್ಟಿ ನೋಡಿ. ಮೂಗನ್ನೂ ಬಳಸಿ. ಎಷ್ಟು ತೊಳೆದರೂ ಮೀನಿನ ವಾಸನೆ ಕ್ಯಾಬಿನ್ನಿನ ಹಿಂದಿನ ಸಂದಿಯಲ್ಲಿ ಉಳಿದಿರುತ್ತದೆ. ಮೀನು ಹೊತ್ತ ಗಾಡಿಯೆಲ್ಲ ಕೆಟ್ಟದ್ದು ಅಂತಲ್ಲ. ದಿನಾ ಸಿಹಿನೀರಿನಲ್ಲಿ ಅಡಿ ತೊಳೆಯುವವರೂ ಇದ್ದಾರೆ, ಅವರ ಗಾಡಿ ಕೊಳ್ಳಬಹುದು.

ಸೆಕೆಂಡ್ ಹ್ಯಾಂಡಿನಲ್ಲಿ ಇನ್ನೆರಡು ನೋಡಿ. ಒಂದು ವಯಸ್ಸು. ಹೊಸ ಗಾಡಿಗೆ ಮೊದಲ ಎರಡು ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ಚಿಂತೆ ಇಲ್ಲ. ಆಮೇಲೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ಪ್ರತಿ ವರ್ಷ. ಏಳು ವರ್ಷದ ಗಾಡಿ ಕಡಿಮೆಗೆ ಸಿಗುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಅದರ ಹೊಗೆ ಫಿಲ್ಟರ್. ಊರೊಳಗೇ ಎರಡೆರಡು ಕಿ.ಮೀ. ಓಡಿಸಿ ನಿಲ್ಲಿಸಿದ ಗಾಡಿಯಲ್ಲಿ ಮಸಿ ಸುಡುವಷ್ಟು ಬಿಸಿ ಆಗದೆ ಅದು ಕಟ್ಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ದೀಪ ಉರಿಯುತ್ತಿದ್ದರೆ "ಅದು ಸೆನ್ಸರ್ ಪ್ರಾಬ್ಲೆಮ್" ಅನ್ನುವ ಮಾತಿಗೆ ತಲೆಯಾಡಿಸಬೇಡಿ. ನಿಮಗೆ ಮುಂದೆ ಈ ತೊಂದರೆ ಬರಲಿಕ್ಕಿಲ್ಲ, ದಿನದ ದಾರಿ ಉದ್ದ, ಘಟ್ಟದ ಏರಿನಲ್ಲಿ ಚೆನ್ನಾಗಿ ಬಿಸಿಯಾಗುತ್ತದೆ.

ಸಿಎನ್‌ಜಿಗೆ ನನ್ನ ಉತ್ತರ ಚಿಕ್ಕದು: ನಿಮಗೆ ಬೇಡ. ಸಿಲಿಂಡರಿನ ತೂಕ ನಿಮ್ಮ ಲೋಡಿನಿಂದ ಕಳೆಯುತ್ತದೆ. ಮಾರುತಿ ಸೂಪರ್ ಕ್ಯಾರಿಯನ್ನೇ ನೋಡಿ, ಪೆಟ್ರೋಲಿನದು 740 ಕೆ.ಜಿ. ಹೊತ್ತರೆ ಸಿಎನ್‌ಜಿಯದು 625 ಮಾತ್ರ. ಏರಿನಲ್ಲಿ ಎಳೆತವೂ ಕಡಿಮೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಬೇರೆ. ದಿನಾ ಹಾಯುವ ದಾರಿಯಲ್ಲೇ ಬಂಕ್ ಇದ್ದು, ಪೇಟೆಯೊಳಗೇ ಓಡಾಡುವವರಿಗೆ ಅದು ನಿಜಕ್ಕೂ ಲಾಭ.

ಡೀಸೆಲ್ ಉಳಿಸಲು ಘಟ್ಟದಲ್ಲಿ ನ್ಯೂಟ್ರಲ್ ಹಾಕುವ ಚಟ ನಿಮಗಿದೆಯೋ ಇಲ್ಲವೋ ಗೊತ್ತಿಲ್ಲ, ನಮ್ಮ ಕಡೆ ಹತ್ತರಲ್ಲಿ ಐದು ಜನಕ್ಕೆ ಇದೆ. ಕೆಲವರು ಕೀಲಿಯನ್ನೇ ಆಫ್ ಮಾಡುತ್ತಾರೆ. ನಿಮ್ಮ ಭಾರ ಹೆಚ್ಚಾಗಿ ಇಳಿಯುವಾಗಲೇ ಇರುವುದರಿಂದ ಇದನ್ನು ಹೇಳಲೇಬೇಕು. ಈಗಿನ ಎಂಜಿನ್ನುಗಳಲ್ಲಿ ಗೇರ್ ಹಾಕಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್ ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಖರ್ಚು ಸೊನ್ನೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತನ್ನಷ್ಟಕ್ಕೆ ಉರಿಯಲು ಡೀಸೆಲ್ ಬೇಕು. ಅಂದರೆ ನ್ಯೂಟ್ರಲ್‌ನಲ್ಲೇ ಖರ್ಚು ಜಾಸ್ತಿ! ಕೀಲಿ ಆಫ್ ಮಾಡಿದರೆ ಬ್ರೇಕಿನ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿ, ಪವರ್ ಸ್ಟೀರಿಂಗೂ ಇಲ್ಲ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಅನ್ನುವ ಹಳೆ ಡ್ರೈವರುಗಳ ಮಾತು ಈಗಲೂ ಸರಿ.

ಮಳೆಗಾಲಕ್ಕೆ ಇನ್ನೊಂದು. ಈ ಪಿಕಪ್‌ಗಳಿಗೆಲ್ಲ ಹಿಂದಿನ ಚಕ್ರಕ್ಕೆ ಎಳೆತ. ಖಾಲಿ ಇದ್ದಾಗ ಹಿಂಭಾಗ ಹಗುರ, ತೋಟದ ಕೆಮ್ಮಣ್ಣು ದಾರಿಯಲ್ಲಿ ಜಾರುತ್ತದೆ. ಎರಡು ಚೀಲ ಮರಳು ಹಿಂದಿನ ಆಕ್ಸಲಿನ ಮೇಲೆ ಬರುವ ಹಾಗೆ ಇಟ್ಟುಕೊಳ್ಳಿ, ಮಳೆ ಮುಗಿದ ಮೇಲೆ ಮರೆಯದೆ ಇಳಿಸಿ.

ಹಾಗಾದರೆ ಯಾವುದು? ನಾನಾದರೆ ಬಡಾ ದೋಸ್ತ್ ಐ3 ಮತ್ತು ಇಂಟ್ರಾ ವಿ50, ಈ ಎರಡನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಪಟ್ಟಿಯಿಂದ ತೆಗೆಯುತ್ತೇನೆ. ಒಂದು 14 ಕ್ವಿಂಟಲ್, ಇನ್ನೊಂದು 15 ಕ್ವಿಂಟಲ್ ಹೊರುತ್ತದೆ. ನಿಮ್ಮ ಹತ್ತಕ್ಕೆ ಇದು ಹದವಾದ ಅಳತೆ, ಜಾಸ್ತಿ ದಿನಕ್ಕೂ ಸ್ವಲ್ಪ ಜಾಗ ಇರುತ್ತದೆ. ಘಟ್ಟಕ್ಕೆ ಬೇಕಾದ ಎಳೆತ ಎರಡರಲ್ಲೂ ಇದೆ. ಪರ್ಮಿಟ್ ಗೊಡವೆ ಇಲ್ಲ. ಇವೆರಡರಲ್ಲಿ ಯಾವುದು ಅಂತ ಬಂಕಿನ ಪರೀಕ್ಷೆ ತೀರ್ಮಾನಿಸಲಿ. ಅಲ್ಲೂ ಸಮ ಬಂದರೆ ಯಾವುದರ ಸರ್ವಿಸ್ ಸೆಂಟರ್ ನಿಮ್ಮ ಮನೆಗೆ ಹತ್ತಿರವೋ ಅದು. ಸರ್ವಿಸಿಗೆ ಹುಬ್ಬಳ್ಳಿಗೆ ಹೋಗಿ ಬರುವುದಾದರೆ 200 ಕಿ.ಮೀ. ಡೀಸೆಲ್ ಜೊತೆಗೆ ಒಂದು ದಿನದ ಬಾಡಿಗೆಯೂ ಹೋಯಿತು. ದೊಡ್ಡ ಬೊಲೆರೊವನ್ನು ನಿಮ್ಮ ಲೋಡಿಗೆ ನಾನು ಹೇಳಲಾರೆ. ಮೂರು ವರ್ಷಕ್ಕೇ ಮಾರುವ ಯೋಚನೆ ಇದ್ದರೆ ಮಾತ್ರ ಅದರ ರೀಸೇಲ್ ಡೀಸೆಲ್ ನಷ್ಟವನ್ನು ತುಂಬಿಕೊಡಬಹುದು.

ಕೊನೆಗೆ ಏಸ್. ಎಕ್ಸ್‌ಚೇಂಜ್‌ಗಿಂತ ಹೊರಗೆ ಸಾಮಾನ್ಯವಾಗಿ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ. ಎಂಟು ವರ್ಷ ದಾಟಿದ್ದರಿಂದ ವರ್ಷವೂ ಎಫ್‌ಸಿ. ಈಗಷ್ಟೇ ಎಫ್‌ಸಿ ಆಗಿದ್ದರೆ ಮಾರಲು ಒಳ್ಳೆಯ ಹೊತ್ತು. ಆದರೆ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅದು ಎಲ್ಲಿ ಗುದ್ದಿದರೂ ನೋಟಿಸ್ ಬರುವುದು ನಿಮ್ಮ ಮನೆಗೆ. ಸರ್ಕಾರದ ಪರಿವಾಹನ್ ಸೈಟಿನಲ್ಲಿ ಹೆಸರು ಬದಲಾದದ್ದನ್ನು ನೀವೇ ನೋಡಿ. ಫಾಸ್ಟ್ಯಾಗ್ ಇದ್ದರೆ ಗಾಡಿ ಕೊಡುವ ದಿನವೇ ಸ್ಟಿಕರ್ ಕೆರೆದು ತೆಗೆದು ಖಾತೆ ಮುಚ್ಚಿಸಿ. ನಾನು ಮರೆತಿದ್ದೆ. ಹೊಸ ಮಾಲೀಕ ಒಂದು ತಿಂಗಳು ಹೆದ್ದಾರಿ 66ರಲ್ಲಿ ಓಡಾಡಿದ, ಪ್ರತಿ ಟೋಲಿಗೂ ನನ್ನ ಫೋನ್ ಟಿಂಗ್ ಅನ್ನುತ್ತಿತ್ತು.